ಶಾಲೆಯ ಹಣ, ತರಗತಿಯ ಪಾಠ

ಸರ್ಕಾರಿ ಶಾಲೆಗಳಿಗೆ ಹಣ ಸಾಲದೆಂಬುದು ಎಲ್ಲೆಡೆ ಕೇಳಿಬರುವ ಮಾತು. ಅದರಲ್ಲಿ ಸತ್ಯಾಂಶವಿದೆ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು ರಾಷ್ಟ್ರೀಯ ವರಮಾನದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು 1966ರಲ್ಲಿಯೇ ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶೇಕಡ 6ರ ಗುರಿಯನ್ನು ಪುನರುಚ್ಚರಿಸಿದೆ, ಅದಿನ್ನೂ ಕೈಗೂಡಿಲ್ಲ. ಆದರೆ ಮೊತ್ತದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ದೊರೆತ ಹಣವು ಸಕಾಲದಲ್ಲಿ, ಸರಿಯಾದ ಅಗತ್ಯಕ್ಕೆ ಒದಗುತ್ತದೆಯೇ?

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯ ವೆಚ್ಚವನ್ನು ಕೇಂದ್ರವೂ ಬಹುತೇಕ ರಾಜ್ಯಗಳೂ 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಶಾಲಾನುದಾನವು ಮಕ್ಕಳ ಸಂಖ್ಯೆಯನ್ನು ಅನುಸರಿಸಿ ನಿಗದಿಯಾಗುತ್ತದೆ. ಆರ್ಥಿಕ ವರ್ಷವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಪಾಠಗಳು ಸಾಮಾನ್ಯವಾಗಿ ಜೂನ್ ವೇಳೆಗೆ ಆರಂಭವಾಗುತ್ತವೆ. ಮಳೆಗಾಲಕ್ಕೆ ಮೊದಲು ಮಾಡಿಗೆ ಬೇಕಾದ ಹಣ ಫೆಬ್ರವರಿಯಲ್ಲಿ ಕೈಸೇರಿದರೆ ಲೆಕ್ಕಪತ್ರ ಸರಿಹೊಂದೀತು. ಸೋರುವ ಕೊಠಡಿಯಲ್ಲಿ ಕಳೆದ ಪಾಠದ ದಿನಗಳು ಮರಳಿ ಬಾರವು.

ಹಣದಿಂದ ಕೊಂಡ ವಸ್ತುವೂ ತಾನಾಗಿಯೇ ಪಾಠವಾಗದು. 1987ರಲ್ಲಿ ಕಾರ್ಯಗತವಾದ ಕಪ್ಪುಹಲಗೆ ಕಾರ್ಯಾಚರಣೆಯು ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಹಾಗೂ ಅಗತ್ಯ ಬೋಧನೋಪಕರಣಗಳನ್ನು ಒದಗಿಸುವ ಉದ್ದೇಶ ಹೊಂದಿತ್ತು. ಅನೇಕ ಶಾಲೆಗಳಿಗೆ ಅದರಿಂದ ಉಪಕಾರವಾಯಿತು. ಆದರೆ ಬಳಸುವ ತರಬೇತಿ ಸಾಲದ ಕಡೆ, ಒಡೆದರೆ ಹೊಣೆ ಹೊರಬೇಕೆಂಬ ಭಯವಿದ್ದ ಕಡೆ ಉಪಕರಣಗಳು ಬೀರುವಿನಲ್ಲಿಯೇ ಉಳಿದವು. ದಾಸ್ತಾನು ಪುಸ್ತಕ ತುಂಬಿತು, ಮಕ್ಕಳ ಕೈ ಬರಿದಾಗಿಯೇ ಇತ್ತು.

ಶಾಲಾ ಶಿಕ್ಷಣದ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಶಿಕ್ಷಕರ ವೇತನಕ್ಕೆ ಸಲ್ಲುತ್ತದೆ. ಆದಕಾರಣ ಖಾಲಿ ಹುದ್ದೆಗಳನ್ನು ತುಂಬುವುದು, ಶಿಕ್ಷಕರನ್ನು ಅಗತ್ಯವಿರುವ ಶಾಲೆಗಳಿಗೆ ಹಂಚುವುದು ಕೂಡ ಹಣದ ನಿರ್ವಹಣೆಯೇ ಆಗಿದೆ. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯ ಮಾನದಂಡ. ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿಗಳನ್ನು ನೋಡಿಕೊಂಡು, ಬಿಲ್ಲು ರಸೀದಿಗಳನ್ನೂ ಬರೆಯಬೇಕಾದಲ್ಲಿ, ಓದಲು ತಡವರಿಸುವ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲು ಅವರಿಗೆ ವ್ಯವಧಾನವೆಲ್ಲಿ?

ಈ ಕೊರತೆಯನ್ನು ನೀಗಿಸುವಲ್ಲಿ ಪಾಲಕರಿಗೂ ಪಾತ್ರವಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯಿದೆಯಂತೆ ಸರ್ಕಾರಿ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆತಾಯಂದಿರು ಅಥವಾ ಪೋಷಕರು, ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ರೂಪಿಸುವುದು, ಅನುದಾನದ ಬಳಕೆಯನ್ನು ಪರಿಶೀಲಿಸುವುದು ಈ ಸಮಿತಿಯ ಕರ್ತವ್ಯಗಳಲ್ಲಿ ಸೇರಿವೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರಿಗೂ ಈ ಅವಕಾಶವುಂಟು.

ಸಭೆಗೆ ಬರುವ ಪಾಲಕರು ಮೂರು ವಿಷಯಗಳನ್ನು ವಿಚಾರಿಸಬಹುದು: ಅನುದಾನ ಯಾವ ದಿನ ಬಂದಿತು, ಯಾವುದಕ್ಕೆ ವೆಚ್ಚವಾಯಿತು, ಅದರಿಂದ ತರಗತಿಯಲ್ಲಿ ಯಾವ ಅನುಕೂಲವಾಯಿತು? ಮೊದಲೆರಡಕ್ಕೆ ಉತ್ತರ ಕಡತದಲ್ಲಿ ದೊರೆಯುತ್ತದೆ. ಮೂರನೆಯದಕ್ಕೆ ಮಕ್ಕಳ ಓದುಬರಹವನ್ನೇ ನೋಡಬೇಕು. ವೆಚ್ಚವಾಗದೆ ಉಳಿದ ಹಣಕ್ಕೆ ಮರುವರ್ಷ ಮತ್ತೆ ಮಂಜೂರಾತಿ ದೊರೆಯಬಹುದು. ಮೂರನೆಯ ತರಗತಿಯ ಮಗುವಿಗೆ ಆ ವರ್ಷ ಮತ್ತೊಮ್ಮೆ ದೊರೆಯದು.