ಋತುಪರ್ಣನ ಲೆಕ್ಕ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿ ಮುಗಿಸುವ ಮಕ್ಕಳ ಮುಂದಿನ ಓದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಮೇಷ್ಟರಲ್ಲ, ಬ್ಯಾಂಕಿನ ಗುಮಾಸ್ತೆ. ಆದುದರಿಂದ ಎಲ್ಲ ವಿದ್ಯೆಗಳ ಗೊಡವೆಗೂ ಹೋಗದೆ ಒಂದೇ ಒಂದು ಪಾಠದ ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ. ಅದು ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆ.

ತಿರುವೊಟ್ಟಿಯೂರಿನ ನಮ್ಮ ಮನೆಯಲ್ಲಿ ಅಣ್ಣನ ಮಗಳು ಕಳೆದ ವರ್ಷ ಹತ್ತನೆಯ ತರಗತಿಯಲ್ಲಿದ್ದಳು. ತಮಿಳುನಾಡಿನ ಆ ತರಗತಿಯ ಗಣಿತ ಪುಸ್ತಕದಲ್ಲಿ ಇದು ಎಂಟನೆಯ ಅಧ್ಯಾಯ, ಕಟ್ಟಕಡೆಯದು. "ಕೊನೆಯ ಪಾಠ, ಚಿಕ್ಕಪ್ಪ. ಬಿಟ್ಟರೂ ನಡೆಯುತ್ತದೆ, ಬೇರೆ ಪ್ರಶ್ನೆಗಳನ್ನು ಆರಿಸಿಕೊಳ್ಳಬಹುದು" ಎಂದಳು. ನಾನೇನು ಬುದ್ಧಿ ಹೇಳಲಿ? ನಾನೂ ಬಿ.ಕಾಂ. ಓದುವಾಗ ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕಟ್ಟಿದವನೇ. ಅರ್ಥವೇನೆಂದು ಕೇಳಿದವನಲ್ಲ.

ಅದೇ ಸಮಯದಲ್ಲಿ ನಮ್ಮ ಮನೆಗೆ ಒಂದು ಕಷ್ಟ ಬಂತು. ನನ್ನ ಸೋದರತ್ತೆಯ ಮಗ, ಓದಿದ ಹುಡುಗ, ಕೆಲಸದಲ್ಲಿರುವವನು, ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡಿ ಸಾಲ ಮಾಡಿಕೊಂಡಿದ್ದ. ಅತ್ತೆಯ ಬಳೆಗಳು ಅಡವಿಗೆ ಹೋದ ಮೇಲೆ ಸಂಗತಿ ಹೊರಬಿತ್ತು. 2025ರಲ್ಲಿ ಸಂಸತ್ತು ಇಂಥ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಅತ್ತೆಯ ಬಳೆ ಅದಕ್ಕೆ ಮೊದಲೇ ಹೋಗಿತ್ತು. ಏಕಪ್ಪಾ ನಿಲ್ಲಿಸಲಿಲ್ಲ ಎಂದು ಕೇಳಿದರೆ ಅವನು ಹೇಳಿದ ಮಾತು ಇದು: "ಆರು ಸಲ ಸತತವಾಗಿ ಸೋತಿದ್ದೆ. ಏಳನೆಯದು ಬಂದೇ ಬರಬೇಕಲ್ಲ!"

ಆ "ಬಂದೇ ಬರಬೇಕಲ್ಲ" ಎಂಬ ಮಾತು ನನ್ನನ್ನು ಕೊರೆಯಿತು. ಮಗುವಿನ ಪುಸ್ತಕದ ಕೊನೆಯ ಪಾಠಕ್ಕೂ ಈ ಮಾತಿಗೂ ಸಂಬಂಧ ಉಂಟೆಂದು ತೋರಿತು. ಮರುದಿನ ಸಂಜೆಯಿಂದ ನಾನೂ ಅವಳೊಂದಿಗೆ ಪಾಠಕ್ಕೆ ಕುಳಿತೆ.

ಮೊದಲು ಒಂದು ರೂಪಾಯಿಯ ನಾಣ್ಯವನ್ನು 200 ಸಲ ಚಿಮ್ಮಿದೆವು. ಹುಡುಗಿ ಗೀಟು ಹಾಕುತ್ತ ಬಂದಳು. ಸಿಂಹದ ಮಗ್ಗುಲು 107 ಸಲ ಬಿತ್ತು, ಅಂಕಿಯ ಮಗ್ಗುಲು 93 ಸಲ. ನಡುವೆ ಒಂದು ಕಡೆ ಸಿಂಹವೇ ಸತತವಾಗಿ ಆರು ಸಲ ಬಿದ್ದಿತ್ತು. ಆಮೇಲೆ ಅವಳೇ ಒಂದು ಉಪಾಯ ಹೂಡಿದಳು. ಸಿಂಹವು ಮೂರು ಸಲ ಸತತವಾಗಿ ಬಿದ್ದ ಕಡೆಯಲ್ಲೆಲ್ಲ ನಾಲ್ಕನೆಯದು ಏನಾಯಿತೆಂದು ಹುಡುಕಿದಳು. ಅಂಥ ಜಾಗ 24 ಸಿಕ್ಕವು. ಅವುಗಳಲ್ಲಿ 13 ಸಲ ಮತ್ತೆ ಸಿಂಹ, 11 ಸಲ ಅಂಕಿ. ಎಂದರೆ, ಹಿಂದೆ ಏನು ಬಿತ್ತೆಂಬುದನ್ನು ನಾಣ್ಯವು ನೆನಪಿಡುವುದಿಲ್ಲ. ಆರು ಸಲ ಸೋತವನ ಮೇಲೆ ಅದಕ್ಕೆ ಕರುಣೆಯೂ ಇಲ್ಲ, ಹಗೆಯೂ ಇಲ್ಲ.

ಇಸ್ಪೀಟು ನಾಣ್ಯದಂತಲ್ಲ, ಅದರಲ್ಲಿ ಜಾಣತನವೂ ಉಂಟು ಎನ್ನುವಿರಿ. ಇರಲಿ. ಸಮಾನ ಜಾಣರಾದ ಇಬ್ಬರು 50 ರೂಪಾಯಿಯಂತೆ ಕಟ್ಟುತ್ತಾರೆ, ಆಡಿಸುವವನು 10 ರೂಪಾಯಿ ಇಟ್ಟುಕೊಂಡು ಗೆದ್ದವನಿಗೆ 90 ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಗೆದ್ದರೆ 40 ಲಾಭ, ಸೋತರೆ 50 ನಷ್ಟ. ಅರ್ಧ ಗೆದ್ದು ಅರ್ಧ ಸೋತರೂ ಆಟಕ್ಕೆ ಸರಾಸರಿ 5 ರೂಪಾಯಿ ಹೋಯಿತು. 200 ಆಟಕ್ಕೆ ಸಾವಿರ ರೂಪಾಯಿ. ಇದಕ್ಕೆ ದೊಡ್ಡ ಗಣಿತವೇನೂ ಬೇಡ. ಹತ್ತನೆಯ ತರಗತಿಯವರು ಹಾಕಬಲ್ಲ ಲೆಕ್ಕ.

ಪಾಠದ ಇನ್ನೊಂದು ಭಾಗ ಸರಾಸರಿ ಮತ್ತು ಮಾನಕ ವಿಚಲನೆ. ನಮ್ಮ ಮನೆಗೆ ಕಾಸಿಮೇಡಿನ ಮೀನು ಬಂದರು ದೂರವಲ್ಲ. ಒಬ್ಬ ಚಹದಂಗಡಿಯವನು ಐದು ದಿನದಲ್ಲಿ 900, 1000, 1000, 1000, 1100 ರೂಪಾಯಿ ಸಂಪಾದಿಸಿದ. ಒಬ್ಬ ಬೆಸ್ತನಿಗೆ ಎರಡು ದಿನ ಏನೂ ಸಿಗಲಿಲ್ಲ, ಉಳಿದ ಮೂರು ದಿನ 500, 1500, 3000 ಸಿಕ್ಕಿತು. ಇಬ್ಬರ ಸರಾಸರಿಯೂ 1000. ಆದರೆ ಮಾನಕ ವಿಚಲನೆ ಒಬ್ಬನಿಗೆ ಸುಮಾರು 63, ಇನ್ನೊಬ್ಬನಿಗೆ ಸುಮಾರು 1140. ಸರಾಸರಿಯನ್ನು ಮಾತ್ರ ನೋಡಿ ಇಬ್ಬರಿಗೂ ಒಂದೇ ಕಂತು ಗೊತ್ತುಮಾಡಿದರೆ ಬೆಸ್ತನ ಮನೆಯಲ್ಲಿ ಒಲೆ ಉರಿಯದ ದಿನವೇ ಕಂತು ಬಂದೀತು. ನಾನು ಓದುವಾಗ ಈ ಸೂತ್ರಕ್ಕೆ ಇಂಥ ಮುಖವಿದೆಯೆಂದು ತಿಳಿದಿರಲಿಲ್ಲ.

ಈ ವಿದ್ಯೆ ಪರದೇಶದ್ದೆಂದು ಭಾವಿಸಬೇಡಿ. ಕನಕದಾಸರು 'ನಳಚರಿತ್ರೆ' ಬರೆದರಲ್ಲ, ಆ ನಳನ ಕಥೆಯನ್ನು ನೆನೆಯಿರಿ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿದ್ದ. ಮಹಾಭಾರತದ ಅರಣ್ಯಪರ್ವದಲ್ಲಿ ಬರುವಂತೆ, ದಾರಿಯಲ್ಲಿ ಋತುಪರ್ಣನು ಒಂದು ತಾರೆಯ ಮರವನ್ನು ನೋಡಿ ಅದರ ಎಲೆ ಕಾಯಿಗಳ ಸಂಖ್ಯೆಯನ್ನು ನಿಂತ ನಿಲುವಿನಲ್ಲೇ ಹೇಳಿದ. ನಳನು ನಂಬದೆ, ರಥ ನಿಲ್ಲಿಸಿ, ಎಣಿಸಿಯೇ ನೋಡಿದ. ಲೆಕ್ಕ ಸರಿಯಾಗಿತ್ತು. ಋತುಪರ್ಣನು ದಾಳದ ಮರ್ಮವನ್ನೂ ಬಲ್ಲವನಾಗಿದ್ದ. ಅದನ್ನು ನಳನು ಕಲಿತೊಡನೆ ಅವನ ಮೈಯಲ್ಲಿದ್ದ ಕಲಿ ಹೊರಬಿದ್ದ ಎನ್ನುತ್ತದೆ ಕಥೆ. ಎಣಿಕೆಯ ವಿದ್ಯೆಯೂ ದಾಳದ ವಿದ್ಯೆಯೂ ಒಬ್ಬನಲ್ಲೇ ಇದ್ದುದು, ಅದನ್ನು ಕಲಿತವನನ್ನು ಕಲಿ ಬಿಟ್ಟುಹೋದುದು, ಇವೆರಡನ್ನೂ ಮಕ್ಕಳಿಗೆ ಹೇಳಿ. ಒಂಬತ್ತನೆಯ ಶತಮಾನದಲ್ಲಿ ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯರೂ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ 'ಗಣಿತಸಾರಸಂಗ್ರಹ'ದಲ್ಲಿ ನಿಯಮ ಹೇಳಿದ್ದಾರೆ. ಸಂಭವನೀಯತೆಗೆ ಬೇಕಾದ ಎಣಿಕೆ ಅದೇ.

ನಮ್ಮ ಮಕ್ಕಳಿಗೆ ಭಾಷೆಯ ತೊಡಕೂ ಉಂಟು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಅಥವಾ ಇಂಗ್ಲಿಷು. ಸಂಭವನೀಯತೆಗೆ ತಮಿಳಿನಲ್ಲಿ 'ನಿಗಳ್‌ತಗವು' ಎನ್ನುತ್ತಾರೆ, ಒಂದು ಸಂಗತಿ ನಡೆಯುವುದಕ್ಕಿರುವ ತಕ್ಕತನ ಎಂಬ ಅರ್ಥದಲ್ಲಿ. 'ತಗವು' ನಮ್ಮ ಹಳಗನ್ನಡದಲ್ಲಿಯೂ ಇರುವ ಮಾತೇ. ಇದನ್ನು ಹೇಳಿದಾಗ ಹುಡುಗಿಗೆ ಎರಡು ಭಾಷೆಗಳೂ ಭಾರವೆನಿಸದೆ ಹತ್ತಿರವಾದವು.

ಹತ್ತನೆಯದು ಮುಗಿದ ಮೇಲೆ ಹನ್ನೊಂದರಲ್ಲಿ ವಾಣಿಜ್ಯದ ಮಕ್ಕಳು ವಾಣಿಜ್ಯ ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು ಆರಿಸಬಹುದು. ಕರ್ನಾಟಕದ ಪಿ.ಯು.ಸಿ.ಯಲ್ಲಿಯೂ ಸಂಖ್ಯಾಶಾಸ್ತ್ರವು ಬೇರೆ ವಿಷಯವಾಗಿಯೇ ಉಂಟು. "ಹೆಣ್ಣುಮಗು, ಕಷ್ಟದ ವಿಷಯ ಏಕೆ, ಅಂಕ ಕಡಮೆಯಾದೀತು" ಎಂದು ನೆಂಟರಿಷ್ಟರು ಹೇಳಿದರು. ಅಣ್ಣನೂ ಅತ್ತಿತ್ತ ತೂಗಿದ. ಕೊನೆಗೆ ಹುಡುಗಿಯೇ ಆರಿಸಿಕೊಂಡಳು. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಮೆಯೇ ಬಂತು, ಮುಚ್ಚಿಡುವುದಿಲ್ಲ. ಆದರೆ ತಪ್ಪಿದ್ದು ಎಲ್ಲಿ ಎಂದು ಈಗ ತಾನೇ ಹುಡುಕುತ್ತಾಳೆ.

ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ಗೌರವಿಸಿದ ಸಿ. ಆರ್. ರಾವ್ ಅವರು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಅದು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1945ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಅವರು ಪ್ರಕಟಿಸಿದ ಲೇಖನದ ಫಲವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷ 102ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆಮಾತು ತೆಲುಗು, ಹುಟ್ಟಿದ ನೆಲ ಕನ್ನಡದ್ದು. ನಮ್ಮ ಮಕ್ಕಳ ಮನೆಮಾತು ಕನ್ನಡ, ಬೆಳೆಯುವ ನೆಲ ತಮಿಳಿನದು. ಒಂದು ನೆಲದಲ್ಲಿ ಇನ್ನೊಂದು ಮಾತಿನವರಾಗಿ ಬೆಳೆಯುವುದು ವಿದ್ಯೆಗೆ ಅಡ್ಡಿಯಲ್ಲ.

ನನ್ನ ಅತ್ತೆಯ ಮಗ ಈಗ ಆಟ ಬಿಟ್ಟಿದ್ದಾನೆ, ತಿಂಗಳು ತಿಂಗಳು ಸಾಲ ತೀರಿಸುತ್ತಿದ್ದಾನೆ. ನಾವು ನಾಣ್ಯ ಚಿಮ್ಮಿದ ಸಂಜೆ ಅವನೂ ಮೂಲೆಯಲ್ಲಿ ಕುಳಿತಿದ್ದ. ಆ ಲೆಕ್ಕದಿಂದಲೇ ಬಿಟ್ಟನೆಂದು ಹೇಳಲಾರೆ, ಒಬ್ಬನನ್ನು ನೋಡಿ ಸಿದ್ಧಾಂತ ಕಟ್ಟಬಾರದೆಂದು ಇದೇ ಶಾಸ್ತ್ರ ಹೇಳುತ್ತದೆ. ಆದರೆ ಆ ಪಾಠವನ್ನು ಅವನು ಹತ್ತನೆಯ ತರಗತಿಯಲ್ಲಿ ಬಿಟ್ಟಿದ್ದನೆಂಬುದು ನಿಜ. ನಿಮ್ಮ ಮನೆಯ ಮಕ್ಕಳು ಅದನ್ನು ಬಿಡದಂತೆ ನೋಡಿಕೊಳ್ಳಿ. ಬಿಡುವಾದ ಸಂಜೆ ನೀವೂ ಒಂದು ನಾಣ್ಯ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.