ಸೆರೆಮನೆಯಲ್ಲೊಂದು ಸಂಜೆ



ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವನ್ನು ತಮ್ಮಲ್ಲಿ ಹಲವರು ಬಲ್ಲರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಯನ್ನೂ, ವಿದ್ಯಾರ್ಥಿಗಳ ವಸತಿಗೆಂದು ಬಿಟ್ಟ 27 ಮನೆಗಳನ್ನೂ ಕ್ರಿ.ಶ. 945ರ ಆ ಲೇಖವು ತಿಳಿಸುತ್ತದೆ. ಮನೆಗಳು ಹೋದುವು, ಬರಹ ನಿಂತಿತು. ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲನ್ನು ನೋಡಹೋದಾಗ ನನಗೆ ಇದು ನೆನಪಾಯಿತು. ಇಲ್ಲಿ ಗೋಡೆಗಳು ನಿಂತಿವೆ. ಕಥೆಯನ್ನು ಬಹುಮಟ್ಟಿಗೆ ನೋಡಹೋದವನೇ ಜೊತೆಗೊಯ್ಯಬೇಕು.

1860ರ ದಶಕದಲ್ಲಿ ಕಟ್ಟಿದ ಈ ಸೆರೆಮನೆಯ ಬಂದಿಗಳನ್ನು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. 2008ರಲ್ಲಿ ಇದು ಫ್ರೀಡಂ ಪಾರ್ಕ್ ಎನಿಸಿತು. ನಡುವೆ ಕಾವಲುಗೋಪುರ, ಸುತ್ತಲೂ ಬ್ಯಾರಕ್ಕುಗಳು: ಒಬ್ಬನ ಕಣ್ಣು ಎಲ್ಲರ ಮೇಲೆ. ಅದರ ಬುಡದಲ್ಲಿ ಈಗ ಮಕ್ಕಳು ಓಡಾಡುತ್ತಾರೆ.

1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಇಲ್ಲಿದ್ದುದನ್ನು ಎಲ್ಲರೂ ಹೇಳುತ್ತಾರೆ. ನಾನು ಅರಸಿದ್ದು ಬೇರೊಬ್ಬರ ನೆರಳನ್ನು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಸೆರೆಸಿಕ್ಕಿ, ಉಬ್ಬಸದಿಂದ ಬಳಲುತ್ತ, ಸುಮಾರು ಎಂಟು ತಿಂಗಳು ಇಲ್ಲಿ ಕಳೆದರು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರವು ತಮಗೆ ಕೇಳಿಸುತ್ತಿತ್ತೆಂದು ದಂಡವತೆಯವರು ಬರೆದಿದ್ದಾರೆ. 1977ರ ಜನವರಿಯಲ್ಲಿ ಬಿಡುಗಡೆಯಾಯಿತು. ಅದೇ ತಿಂಗಳು ಆಕೆ ತೀರಿಕೊಂಡರು. ಸೆರೆಯಲ್ಲಿ ಬರೆದ ದಿನಚರಿ ಉಳಿಯಿತು.

ನಗರದ ಪ್ರತಿಭಟನೆಗಳಿಗೆ ಇಂದು ಈ ಆವರಣದಲ್ಲಿಯೇ ಎಡೆ ಕೊಟ್ಟಿದ್ದಾರೆ. ನಾನು ಬ್ಯಾರಕ್ಕಿನೊಳಗೆ ನಿಂತಿದ್ದಾಗ ಹೊರಗಿನಿಂದ ಯಾರದೋ ಘೋಷಣೆಗಳು ಕೇಳಿಬರುತ್ತಿದ್ದುವು.