ಕಾನೂನಿನ ಕೋಲು ಯಾರ ಬೆನ್ನಿಗೆ?

(ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ವೇಶ್ಯಾವೃತ್ತಿಗೆ ಕಾನೂನಿನ ಮಾನ್ಯತೆ ಕೊಡಬೇಕೇ ಎಂಬ ವಿಷಯ ಹೇಳಿದಾಗ, "ಕುಟುಂಬ ಸಮೇತ ಕೂತು ಕೇಳುವ ಮಾತಾ ಇದು?" ಅಂತ ಕೆಲವರು ಅಂದ್ರು. ಹೆಂಗಸರೂ ಕೂತಿರುವ ಸಭೆಯಲ್ಲೇ ಇದನ್ನು ಮಾತಾಡಬೇಕು ಅಂತ ನನ್ನ ಅಭಿಪ್ರಾಯ. ಆ ಕೆಲಸ ಹರಾಮ್, ಅದರಲ್ಲಿ ನಮಗೆ ಚರ್ಚೆ ಇಲ್ಲ. ಆದರೆ ಸೂರಃ ನೂರ್‌ನ 33ನೇ ಆಯತ್ ನೋಡಿ. ಲಾಭಕ್ಕಾಗಿ ಹೆಣ್ಣನ್ನು ಅದಕ್ಕೆ ದೂಡುವವನನ್ನು ಅಲ್ಲಿ ತಡೆದಿದೆ. ಬಲವಂತಕ್ಕೆ ಸಿಕ್ಕಿದವಳಿಗೆ ಕ್ಷಮೆಯ ಮಾತು ಉಂಟು. ಹಾಗಾಗಿ ಕಾನೂನಿನ ಕೋಲು ಯಾರ ಬೆನ್ನಿಗೆ ಬೀಳಬೇಕು ಎಂಬುದೇ ಇವತ್ತಿನ ಪ್ರಶ್ನೆ.

ನಮ್ಮ ದೇಶದಲ್ಲಿ 1956ರ ಕಾಯ್ದೆ ಉಂಟು. ತುಂಬಾ ಜನರಿಗೆ ಗೊತ್ತಿಲ್ಲ, ಅದರಲ್ಲಿ ವೃತ್ತಿಯೇ ಅಪರಾಧ ಅಲ್ಲ. ಅಡ್ಡೆ ನಡೆಸುವುದು, ದಲ್ಲಾಳಿ ಕೆಲಸ, ರಸ್ತೆಯಲ್ಲಿ ಗಿರಾಕಿ ಕರೆಯುವುದು ಅಪರಾಧ. ಲೆಕ್ಕದವನಾಗಿ ನನ್ನ ಕಣ್ಣಿಗೆ ಬಿದ್ದದ್ದು 4ನೇ ಸೆಕ್ಷನ್. ಅವಳ ಗಳಿಕೆಯಲ್ಲಿ ಗೊತ್ತಿದ್ದೂ ಬದುಕುವ 18 ದಾಟಿದ ಯಾರಿಗೂ ಎರಡು ವರ್ಷದವರೆಗೆ ಜೈಲು ಆಗಬಹುದು. ದಲ್ಲಾಳಿಗೆ ಬೀಸಿದ ಬಲೆ ಅದು. ಆದರೆ ಅವಳು ಫೀಸು ಕಟ್ಟಿ ಓದಿಸುವ ಮಗ, ಮದ್ದಿಗೆ ಹಣ ಪಡೆಯುವ ಮುದಿ ತಾಯಿ ಕೂಡ ಅಕ್ಷರಶಃ ಅದರೊಳಗೆ ಬರ್ತಾರೆ. ಮನೆಗೆ ಹಣ ಕಳಿಸುವ ನಮಗೆ ಇದು ಅರ್ಥ ಆಗಬೇಕು.

1995ರಲ್ಲಿ ಕೋಲ್ಕತ್ತದ ಸೋನಾಗಾಛಿಯ ಹೆಂಗಸರು ಉಷಾ ಎಂಬ ಸಹಕಾರಿ ಸಂಘ ಕಟ್ಟಿದರು. ಬಡ್ಡಿಯವನ ಕೈಯಿಂದ ತಪ್ಪಿಸಿಕೊಳ್ಳಲು ತಮ್ಮದೇ ಉಳಿತಾಯ, ತಮ್ಮದೇ ಸಾಲ. ಸಾಲ ಇದ್ದವಳು ಹೊರಗೆ ಬರಲಾರಳು ಮಾರಾಯ್ರೆ, ಬಾಗಿಲಿಗೆ ಬೀಗ ಬೇಕಂತಲೇ ಇಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟು ಇವರನ್ನು ಪೊಲೀಸರು ಘನತೆಯಿಂದ ಕಾಣಬೇಕು, ವಿಳಾಸದ ದಾಖಲೆ ಇಲ್ಲದವರಿಗೂ ಆಧಾರ್ ಸಿಗಬೇಕು ಎಂದಿತು. ಬ್ಯಾಂಕ್ ಖಾತೆಗೆ ಏನೇನು ಕಾಗದ ಕೇಳ್ತಾರೆ ಅಂತ ನಿಮಗೇ ಗೊತ್ತುಂಟಲ್ಲ.

ಹೊರದೇಶಗಳಲ್ಲಿ ಎರಡು ದಾರಿ. ಸ್ವೀಡನ್ 1999ರಲ್ಲಿ ಮಾರುವವಳನ್ನು ಬಿಟ್ಟು ಕೊಳ್ಳುವವನನ್ನು ಅಪರಾಧಿ ಮಾಡಿತು. 2016ರಲ್ಲಿ ಫ್ರಾನ್ಸ್ ಕೂಡ. ಜರ್ಮನಿ 2002ರಲ್ಲಿ ಇದನ್ನು ಕೆಲಸವೆಂದು ಒಪ್ಪಿತು, 2017ರಿಂದ ನೋಂದಣಿ ಕಡ್ಡಾಯ. 2023ರ ಕೊನೆಗೆ ನೋಂದಣಿಯಾದವರು ಸುಮಾರು 30,600. ಇವರಲ್ಲಿ ಐವರಿಗೆ ನಾಲ್ವರು ಹೊರದೇಶದವರು, ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ರೊಮೇನಿಯಾದವರದ್ದು. ಬಡ ದೇಶದಿಂದ ದುಡಿಯಲು ಬಂದವರು, ಅಂದರೆ ನಮ್ಮ ಹಾಗೆ.

ನ್ಯೂಜಿಲೆಂಡ್ 2003ರಲ್ಲಿ ಇನ್ನೂ ಮುಂದೆ ಹೋಯಿತು. ಗಿರಾಕಿಯನ್ನು ನಿರಾಕರಿಸುವ ಹಕ್ಕು, ಆರೋಗ್ಯ ರಕ್ಷಣೆ ಎಲ್ಲಾ ಕೊಟ್ಟಿತು. ಆದರೆ ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಾತ್ಕಾಲಿಕ ವೀಸಾದವರು ಆ ಕೆಲಸ ಮಾಡುವ ಹಾಗಿಲ್ಲ. ಸಾಗಾಟ ತಡೆಯುವ ಉದ್ದೇಶ, ಒಳ್ಳೆಯದೇ. ಆದರೂ ಮಾಲಿಕ ಹಣ ಕೊಡದಿದ್ದರೆ, ಗಿರಾಕಿ ಹೊಡೆದರೆ, ಅವಳು ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುತ್ತಾಳೆ. ದೂರು ಕೊಟ್ಟರೆ ವೀಸಾ ಹೋಗ್ತದೆ, ಟಿಕೆಟ್ ಕೈಗೆ ಬರ್ತದೆ. ಈ ಹೆದರಿಕೆ ಏನೆಂದು ಇಲ್ಲಿ ಕೂತ ಯಾರಿಗೂ ವಿವರಿಸಬೇಕಾಗಿಲ್ಲ.

ನನ್ನನ್ನು ಕೇಳಿದರೆ, ಅಡ್ಡೆ ನಡೆಸುವವನಿಗೆ ಲೈಸೆನ್ಸ್ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಅವನ ಲಾಭವನ್ನು ಕಾನೂನು ಶುದ್ಧ ಮಾಡಬಾರದು. ಆ ಹೆಣ್ಣನ್ನು ಲಾಕಪ್ಪಿಗೆ ಹಾಕುವುದೂ ಒಪ್ಪಿಗೆ ಇಲ್ಲ. ಪಾರ್ಲರ್ ಕೆಲಸ, ಮನೆಕೆಲಸ ಅಂತ ನಂಬಿಸಿ ಕರೆತಂದು, ಪಾಸ್‌ಪೋರ್ಟ್ ಕಿತ್ತುಕೊಂಡು, ಟಿಕೆಟ್ಟಿನ ಹಣವನ್ನೇ ಸಾಲ ಅಂತ ಬರೆದುಕೊಳ್ಳುವ ಏಜೆಂಟನ ಖಾತೆ ಪುಸ್ತಕ ಮೊದಲು ಜಪ್ತಿ ಆಗಲಿ. ದೂರು ಕೊಟ್ಟವಳ ವೀಸಾ ಕೇಸು ಮುಗಿಯುವವರೆಗೆ ಉಳಿಯಲಿ.

ನನಗೆ ಕೊಟ್ಟ ಸಮಯ ಆಯಿತು. ಮೊದಲ ಪ್ರಶ್ನೆ ಹೆಂಗಸರ ಸಾಲಿನಿಂದ ಬರಲಿ.